ಗೇಟ್ ಮನೆಯ ಎಂಟನೆಯ ದೀಪ

ಡೇವಿಡ್ ಅವರ ಕಾಗದ ಕಳೆದುಹೋಗಿರಲಿಲ್ಲ. ಕಳೆದಿದೆ ಎಂದು ನಾನು ಅವರ ಮುಖ ನೋಡಿಕೊಂಡೇ ಹೇಳಿದಾಗ ಅದು ನನ್ನ ಹೆಗಲ ಚೀಲದಲ್ಲಿತ್ತು — ಟಿಪ್ಪಣಿ ಪುಸ್ತಕದ ನಡುವೆ, ಎರಡು ಮಡಿಕೆಯಾಗಿ. ಶಹಾಪುರದ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿದ್ದೆವು. ನಡುವೆ ಮೂರು ಅಡಿಯೂ ಇರಲಿಲ್ಲ. ತೆಗೆದು ಕೊಟ್ಟಿದ್ದರೆ ಒಬ್ಬ ಮನುಷ್ಯನ ನೌಕರಿ ಮತ್ತು ಹೆಸರು ಉಳಿಯುತ್ತಿದ್ದವು. ಕೊಡಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷಗಳಾದವು. ಆಗ ನಾನು ಶಹಾಪುರದಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಆಮೇಲೆ ಗುಲ್ಬರ್ಗಾದಲ್ಲಿ ಅದೇ ಪತ್ರಿಕೆಯ ಸಂಪಾದಕೀಯ ಮೇಜಿನ ಮುಂದೆ ಬಹಳ ಕಾಲ ಕೂತೆ. ಮರುದಿನ ಅಚ್ಚಾಗಬೇಕಾದ ತಿದ್ದುಪಡಿಗಳು ನನ್ನ ಕೈ ದಾಟಿಯೇ ಹೋಗುತ್ತಿದ್ದವು. ಒಬ್ಬರ ತಂದೆಯ ಹೆಸರು ತಪ್ಪಾದರೂ ನಾನು ಬಿಡುತ್ತಿರಲಿಲ್ಲ. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಅಷ್ಟೂ ವರ್ಷ ನಾನು ಹಾಕದೆ ಬಿಟ್ಟ ತಿದ್ದುಪಡಿ ಒಂದೇ. ಅದನ್ನು ಈಗ ಬರೆಯುತ್ತಿದ್ದೇನೆ.

ಡೇವಿಡ್ ಕಾಲುವೆಯ ಗೇಜ್ ರೀಡರ್ ಆಗಿದ್ದರು. ನೀರು ಎಷ್ಟು ಅಡಿ ಇದೆ ಎಂದು ದಿನಕ್ಕೆ ಮೂರು ಸಲ ನೋಡಿ ಬರೆದಿಡುವುದು, ಮೇಲಿನಿಂದ ಆದೇಶ ಬಂದಂತೆ ಗೇಟಿನ ಚಕ್ರ ತಿರುಗಿಸುವುದು — ಅವರ ಕೆಲಸ. ಕೊಂಕಣದವರು, ಮನೆಮಾತು ಮರಾಠಿ. ದೇವಾಪುರದ ಕಡೆ ಕಾಲುವೆ ತೋಡುವಾಗ ಬಂದು ಇಲಾಖೆ ಸೇರಿದರು. ನೀರು ಬಿಟ್ಟ ಮೇಲೆ ವನದುರ್ಗದ ರಸ್ತೆಯಿಂದ ಸ್ವಲ್ಪ ಒಳಗಿದ್ದ ಗೇಟ್ ಮನೆಗೆ ಹೆಂಡತಿ ಸಾರಾಬಾಯಿಯೊಂದಿಗೆ ಬಂದು ನೆಲೆಸಿದರು. ಆ ಗೇಟಿನ ಬಳಿ ಕಾಲುವೆ ಎರಡಾಗುತ್ತಿತ್ತು. ದೊಡ್ಡ ಪಾಲು ಬಲಕ್ಕೆ. ಚಿಕ್ಕ ಪಾಲು ಎಡಕ್ಕೆ, ಕೆಳಗಿನ ಹಳ್ಳಿಗೆ. ಆ ಹಳ್ಳಿಯ ಹೆಸರು ಇಲ್ಲಿ ಬೇಡ.

ಹೆಸರು ಕೇಳಿ ಜನ ಅವರನ್ನು ಕ್ರೈಸ್ತರೆಂದುಕೊಂಡಿದ್ದರು. ಭಾನುವಾರ ದುಡಿದು ಶನಿವಾರ ಬಿಡುವು ಕೇಳುವ ಕ್ರೈಸ್ತ ಎಂಥವನು ಎಂದು ಕಚೇರಿಯವರಿಗೆ ಗೊಂದಲ. ಸೇವಾ ಪುಸ್ತಕದಲ್ಲಿ ಧರ್ಮದ ಎದುರು ‘ಇತರೆ’ ಎಂದಿತ್ತು. ನಾನು ಒಂದು ದಿನ ನೇರವಾಗಿ ಕೇಳಿದೆ.

“ನಾವು ಯಹೂದಿಗಳ್ರಿ,” ಅಂದರು. “ನಮ್ಮೂರಾಗ ಶನಿವಾರದ ಗಾಣಿಗರು ಅಂತಿದ್ರು. ಎಣ್ಣಿ ತೆಗೆಯೋದು ಕಸುಬು, ಶನಿವಾರ ಗಾಣ ಬಂದ್. ಅಷ್ಟ ನಮ್ಮ ಗುರ್ತು.”

ಅವರ ಮನೆಯಲ್ಲಿ ಒಂದು ತೇಗದ ಹಲಗೆಯಿತ್ತು. ಅಜ್ಜ ಮಾಡಿಸಿದ್ದು. ಅದಕ್ಕೆ ಸಾಲಾಗಿ ಎಂಟು ಹಿತ್ತಾಳೆಯ ಬಳೆ, ಮೇಲೊಂದು ಬಳೆ. ಒಂದೊಂದರಲ್ಲೂ ಒಂದು ಗಾಜಿನ ಬಟ್ಟಲು. ಹನುಕ್ಕಾ ಎಂಬ ಹಬ್ಬದಲ್ಲಿ ಮೊದಲ ಸಂಜೆ ಒಂದು ದೀಪ, ಎರಡನೆಯ ಸಂಜೆ ಎರಡು — ಹೀಗೆ ಎಂಟರವರೆಗೆ. ಮೇಲಿನದು ಉಳಿದವನ್ನು ಹಚ್ಚುವುದಕ್ಕೆ, ಅದು ಎಣಿಕೆಗಿಲ್ಲ. ಬಹಳ ಹಿಂದೆ ಒಬ್ಬ ಅರಸ ಅವರ ಪೂಜೆಯನ್ನೇ ನಿಲ್ಲಿಸಿದ್ದನಂತೆ. ಗುಡಿಯನ್ನು ಮರಳಿ ಗೆದ್ದಾಗ ಒಂದು ದಿನಕ್ಕಾಗುವಷ್ಟೇ ಎಣ್ಣೆ ಸಿಕ್ಕಿತು, ಅದು ಎಂಟು ದಿನ ಉರಿಯಿತು. ಆ ನೆನಪಿಗೆ ದೀಪ.

“ಖರೇ ಹೇಳಬೇಕಂದ್ರ ನಮ್ಮ ಮುತ್ತಜ್ಜನ ಮುತ್ತಜ್ಜಗ ಈ ಹಬ್ಬ ಗೊತ್ತೇ ಇರಲಿಲ್ರಿ,” ಎಂದು ಡೇವಿಡ್ ನಕ್ಕಿದ್ದರು. “ಸಮುದ್ರದ ದಂಡಿಗಿ ಕೂತು ಮರತಬಿಟ್ಟಿದ್ವಿ. ಆಮ್ಯಾಲ ಯಾರೋ ಬಂದು ಹೇಳಿಕೊಟ್ರು. ಸಿಕ್ಕಿದ್ದನ್ನ ಮತ್ತ ಕಳ್ಕೋಬಾರ್ದಲ್ರಿ.”

ಆ ದೀಪಕ್ಕೆ ಒಂದು ನಿಯಮವಿದೆ. ಅದು ದಾರಿಹೋಕರಿಗೆ ಕಾಣಬೇಕು. ಒಳಗೆ ಮೂಲೆಯಲ್ಲಿ ಹಚ್ಚಿದರೆ ಅರ್ಧವೇ ಹಬ್ಬ. ಆದರೆ ಗೇಟ್ ಮನೆಯ ಗೋಡೆ ಸರ್ಕಾರದ್ದು. ಸರ್ಕಾರದ ಗೋಡೆಗೆ ಕೇಳದೆ ಮೊಳೆ ಹೊಡೆಯುವ ಜಾತಿಯವರಲ್ಲ ಡೇವಿಡ್. ಎರಡು ವರ್ಷ ಅರ್ಜಿ ಹಾಕಿದರು — ಮುಂಗೋಡೆಗೆ ದೀಪ ಹಚ್ಚಲು ಅನುಮತಿ, ಮೊದಲ ದಿನಕ್ಕೆ ನಿರ್ಬಂಧಿತ ರಜೆ. ಇಂಥ ಹಬ್ಬ ಪಟ್ಟಿಯಲ್ಲಿಲ್ಲ ಎಂದು ಎರಡು ವರ್ಷವೂ ಅರ್ಜಿ ಮರಳಿ ಬಂತು. ಆ ಎರಡು ವರ್ಷ ಹಲಗೆ ಅಡುಗೆಮನೆಯಲ್ಲೇ ಉರಿಯಿತು.

ಮೂರನೆಯ ವರ್ಷ ಹೊಸ ಎಂಜಿನಿಯರ್ ಬಂದರು. ಅವರು ಅರ್ಜಿಯ ಅಂಚಿನಲ್ಲೇ ಹಸಿರು ಶಾಯಿಯಲ್ಲಿ ಬರೆದರು: ‘ಹನುಕ್ಕಾ ಹಬ್ಬದ ನಿಮಿತ್ತ ಎಂಟು ದಿನ ಸಂಜೆ ವಸತಿಯ ಮುಂಗೋಡೆಗೆ ದೀಪ ಹಚ್ಚಲು ಅನುಮತಿಸಿದೆ. ಮೊದಲ ದಿನ ನಿರ್ಬಂಧಿತ ರಜೆ. ಕಾಲುವೆ ಕೆಲಸಕ್ಕೆ ಅಡ್ಡಿಯಾಗಬಾರದು.’ ಸಹಿ, ಮೊಹರು. ಕಾಗದವನ್ನು ಡೇವಿಡ್ ಅವರ ಕೈಗೇ ಕೊಟ್ಟರು. ಕಚೇರಿಯಲ್ಲಿ ನಕಲು ಉಳಿಯಲಿಲ್ಲ.

ಡೇವಿಡ್ ಅದನ್ನು ಹಿಡಿದುಕೊಂಡು ಶಹಾಪುರದ ನನ್ನ ಕೋಣೆಗೆ ಬಂದರು. ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ — ಸಾರಾಬಾಯಿ ಕರಿದ ಕುಂಬಳಕಾಯಿಯ ಗಾರಿಗೆ. ಗಾರಿಗೆ ಮಾಡುವುದನ್ನು ಆಕೆ ನಮ್ಮ ಕಡೆಯವರಿಂದ ಕಲಿತಿದ್ದರು. ಆ ಹಬ್ಬಕ್ಕೆ ಎಣ್ಣೆಯಲ್ಲಿ ಕರಿದದ್ದು ಏನಾದರೂ ಬೇಕಂತೆ.

“ಸರ್ಕಾರದ ಕಾಗದದ ಮ್ಯಾಲ ನಮ್ಮ ಹಬ್ಬದ ಹೆಸರು ಬಂದದ್ದು ನನ್ನ ಸರ್ವಿಸಿನಾಗ ಇದೇ ಮೊದಲ್ರಿ,” ಅಂದರು. “ನಾಕು ಸಾಲು ಹಾಕ್ರಿ ಪೇಪರಿನಾಗ. ಜನ ದೀಪ ನೋಡ್ತಾರ, ಏನಿದು ಅಂತಾರ. ಮೊದಲ ಗೊತ್ತಿದ್ರ ಛಲೋ.”

“ಒಬ್ಬರ ಹಬ್ಬಕ್ಕ ಏನ್ ಸುದ್ದಿರಿ ಡೇವಿಡ್ ಸಾಹೇಬ್ರ? ಮೆರವಣಿಗಿ ಇಲ್ಲ, ಬಾಜಾ ಇಲ್ಲ.”

“ಒಬ್ಬರ್ದಲ್ರಿ, ಇಬ್ಬರ್ದು. ಸಾರಾನ್ನ ಬಿಟ್ಟುಬಿಟ್ರೇನು?”

ಇಬ್ಬರೂ ನಕ್ಕೆವು. ಒಕ್ಕಣೆ ತಪ್ಪಬಾರದು, ಕಾಗದ ನನ್ನ ಬಳಿ ಇರಲಿ ಎಂದು ನಾನೇ ಇಸಿದುಕೊಂಡೆ. ಗಾರಿಗೆ ಅಂದೇ ಮುಗಿದವು. ನಾಲ್ಕು ಸಾಲು ಬರೆಯಲಿಲ್ಲ. ನಾಳೆ ಬರೆದರಾಯಿತು ಅನ್ನಿಸಿತು — ಮತ್ತೊಂದು ನಾಳೆ. ಅಷ್ಟು ಚಿಕ್ಕ ಸುದ್ದಿ.

ಆ ವರ್ಷ ಹನುಕ್ಕಾ ಎಳ್ಳಮಾವಾಸ್ಯೆಗೆ ಸೇರಿ ಬಂದಿತ್ತು. ಮೊದಲ ದೀಪ ಅಮಾವಾಸ್ಯೆಗೆ ಐದು ದಿನ ಮುಂಚೆ ಹತ್ತಿತು. ಕಾಲುವೆಯ ಏರಿ ಎತ್ತರ, ಕೆಳಗೆ ಬಯಲು, ಕರೆಂಟ್ ಇರುತ್ತಿದ್ದದ್ದು ಕಡಿಮೆ. ಆ ಬೆಳಕು ಬಹಳ ದೂರದವರೆಗೆ ಕಾಣುತ್ತಿತ್ತು. ಡೇವಿಡ್ ಬಯಸಿದ್ದೂ ಅದನ್ನೇ.

ಅದೇ ವಾರ ಮೇಲಿನಿಂದ ನೀರು ದಿನದಿನಕ್ಕೆ ಹೆಚ್ಚಿಸಿ ಬಿಡುತ್ತಿದ್ದರು. ಹೆಚ್ಚಿದ್ದೆಲ್ಲ ಬಲದ ಪಾಲಿಗೆ ಹೋಗುತ್ತಿತ್ತು, ಆದೇಶ ಹಾಗಿತ್ತು. ಎಡದ ಹಳ್ಳಿಯಲ್ಲಿ ಮೆಣಸಿನಗಿಡ ಬಾಡುತ್ತಿತ್ತು. ಬೀರಪ್ಪ ಆ ಹಳ್ಳಿಯವನು. ಕುರಿ ಮಂದೆಯೂ ಇತ್ತು, ನಾಲ್ಕೆಕರೆ ಮೆಣಸಿನಕಾಯಿಯೂ ಇತ್ತು. ಓದು ಬಾರದು, ಎಣಿಕೆ ತಪ್ಪದು — ಇನ್ನೂರು ಕುರಿಯನ್ನು ದೊಡ್ಡಿಯ ಬಾಗಿಲಲ್ಲಿ ನಿಂತು ನೋಡುತ್ತಲೇ ಎಣಿಸುವವನು. ಅಮಾವಾಸ್ಯೆಯಂದು ಊರಿಗೆ ಊರೇ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು, ಸಂಜೆ ಬಂಡಿಗಳಲ್ಲಿ ಏರಿಯ ಕೆಳಗೆ ಹಾದುಬಂದಿತು. ಎಲ್ಲರೂ ತಲೆಯೆತ್ತಿ ಆರು ದೀಪ ನೋಡಿದರು.

ಮರುದಿನ ಬೆಳಿಗ್ಗೆ ಬೀರಪ್ಪ ನನ್ನ ಜಗಲಿಯ ಮೇಲಿದ್ದ.

“ಸಾಹೇಬ್ರ, ಮೂರು ದೀಪ ಹಚ್ಚಿದ ದಿನ ನೀರು ಮೂರು ಫೂಟ್. ನಾಕು ಹಚ್ಚಿದ ದಿನ ನಾಕು ಫೂಟ್. ಮ್ಯಾಲಿನ ಒಂದು ಬಿಟ್ಟು ಎಣಿಸೀನಿ. ಬಲಗಡಿ ಹೊಲದವರಿಗಿ ಸಿಗ್ನಲ್ ಕೊಡಾಕತ್ತಾನ ಅವ. ಎಷ್ಟು ಬಿಟ್ಟೀನಿ, ಮೋಟಾರ್ ಹಚ್ಕೋರಿ ಅಂತ.”

“ನೀ ಅವರನ್ನ ಕೇಳಿದೇನು?”

“ಕಳ್ಳನ್ನ ಕೇಳಿ ಕೇಸ್ ಮಾಡ್ತಾರೇನ್ರಿ? ನೀವು ಬರೀರಿ. ಪೇಪರಿನಾಗ ಬಂದ್ರ ಇಂಜಿನೇರ್ ಓಡಿ ಬರ್ತಾನ.”

ಅವನಿಗೆ ಚಹಾ ಕೊಟ್ಟೆ. ಅವನು ಬಸಿಗೆ ಸುರಿದು ಕುಡಿಯುತ್ತಿದ್ದಾಗ ಕಾಗದ ಅವನ ತಲೆಯ ಮೇಲಿನ ಮೊಳೆಗೆ ತೂಗುಹಾಕಿದ್ದ ಚೀಲದಲ್ಲಿತ್ತು. ನಾನು ಹೇಳಬಹುದಿತ್ತು — ಬೀರಪ್ಪ, ಅದು ಹಬ್ಬ. ಒಂದೇ ಮಾತು. ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನೊಳಗೆ ಆಗಲೇ ತಲೆಬರಹ ಮೂಡಿತ್ತು. ಅದಕ್ಕಿಂತ ಮರ್ಯಾದೆಯ ಕಾರಣ ನನಗೆ ಸಿಕ್ಕಿಲ್ಲ.

ಆದರೂ ಕೂತು ಬರೆಯುವಾಗ ಶಿಸ್ತಿನಿಂದಲೇ ಬರೆದೆ. ಎರಡು ಹಾಳೆ. ಮೊದಲನೆಯದರಲ್ಲಿ ರೈತರ ಆರೋಪ — ದೀಪದ ಲೆಕ್ಕ, ನೀರಿನ ಲೆಕ್ಕ, ಬಾಡಿದ ಬೆಳೆ. ಎರಡನೆಯದರಲ್ಲಿ ಡೇವಿಡ್ ಯಾರು, ಹನುಕ್ಕಾ ಏನು, ಅನುಮತಿಯ ಒಕ್ಕಣೆ ಏನು. ಅಂದಿನ ಸುದ್ದಿ ಕವರಿನಲ್ಲಿ ಹಾಕಿ ಗುಲ್ಬರ್ಗಾ ಬಸ್ಸಿಗೆ ಕೊಡಬೇಕು; ಅಲ್ಲಿ ಪತ್ರಿಕೆಯ ಆಳು ಬಂದು ಇಳಿಸಿಕೊಳ್ಳುತ್ತಿದ್ದ. ಮಧ್ಯಾಹ್ನ ಸುರಪುರದಿಂದ ಬಂದ ಬಸ್ಸಿನ ಬಳಿ ನಿಂತು ಕೊನೆಯ ಸಲ ಓದಿದೆ. ಎರಡನೆಯ ಹಾಳೆಯೂ ಜೊತೆಗೆ ಹೋದರೆ ಮೊದಲನೆಯದು ಸುದ್ದಿಯೇ ಅಲ್ಲ. ಒಂದು ತಿಳಿಗೇಡಿತನದ ಕಥೆ — ಒಳಪುಟದ ಮೂಲೆ, ಅದೂ ಜಾಗವಿದ್ದರೆ.

“ಲಗೂ ಕೊಡ್ರಿ ಸಾಹೇಬ್ರ, ಮಂದಿ ನನಗ ಬೈತಾರ,” ಎಂದು ಕಂಡಕ್ಟರ್ ಕೈ ಚಾಚಿದ.

ಎರಡನೆಯ ಹಾಳೆಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಕವರ್ ಕೊಟ್ಟೆ. ಇದನ್ನು ನಾಳೆ ಮುಂದುವರಿದ ಸುದ್ದಿಯಾಗಿ ಕಳಿಸೋಣ ಎಂದು — ಹೌದು, ಹಾಗೆಂದೇ ಅಂದುಕೊಂಡೆ. ಅಂದುಕೊಂಡದ್ದರಿಂದ ಏನೂ ಕಡಿಮೆಯಾಗುವುದಿಲ್ಲ.

ಅಂದು ಸಂಜೆ ಗೇಟ್ ಮನೆಯ ಗೋಡೆಯ ಮೇಲೆ ಏಳು ದೀಪ ಹತ್ತಿದವು.

ಮರುದಿನ ಬೆಳಿಗ್ಗೆ ಸುದ್ದಿ ಮುಖಪುಟದಲ್ಲಿ ಬಂತು. ಪ್ರತಿ ವಾಕ್ಯದ ಕೊನೆಗೂ ರೈತರು ದೂರಿದ್ದಾರೆ, ರೈತರು ಹೇಳುತ್ತಾರೆ ಎಂದಿತ್ತು. ಕಾನೂನಿನ ಪ್ರಕಾರ ಒಂದು ಪದವೂ ಸುಳ್ಳಲ್ಲ. ಕೆಳಗಿನ ಹಳ್ಳಿಯ ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದರು. ಅಚ್ಚಾಗಿದೆ ಎಂದ ಮೇಲೆ ಅವರಿಗೆ ಅದು ಆರೋಪವಾಗಿ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ಎಂಬತ್ತು ಜನ ಏರಿ ಹತ್ತಿದರು.

ನಾನು ಸೈಕಲ್ ಮೇಲೆ ತಲುಪುವ ಹೊತ್ತಿಗೆ ಹಲಗೆ ಅಂಗಳದಲ್ಲಿ ಎರಡು ತುಂಡಾಗಿ ಬಿದ್ದಿತ್ತು. ಗಾಜಿನ ಚೂರುಗಳ ಮೇಲೆ ಕುಸುಬಿ ಎಣ್ಣೆ. ಜನ ಎಡದ ಗೇಟಿನ ಚಕ್ರಕ್ಕೆ ಕೈ ಹಾಕಿದ್ದರು. ಡೇವಿಡ್ ತಮ್ಮ ಮನೆಯ ಕಡೆ ನೋಡದೆ ಆ ಚಕ್ರವನ್ನೇ ಹಿಡಿದುಕೊಂಡಿದ್ದರು. “ಪೂರಾ ಎತ್ತಬ್ಯಾಡ್ರಿ, ಏರಿ ಒಡೀತದ, ನಿಮ್ಮ ಹೊಲನ ಕೊಚ್ಚಿ ಹೋಗ್ತಾವ,” ಎಂದು ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಯಾರೋ ಅವರನ್ನು ಎಳೆದರು. ಅವರು ಬಿಡಲಿಲ್ಲ. ಬೀರಪ್ಪ ಗೇಟಿನ ಕಬ್ಬಿಣದ ಹಿಡಿಕೆ ಕಳಚಿ ಅವರ ಬಲಗೈ ಮೇಲೆ ಹೊಡೆದ. ಎರಡು ಸಲ. ನಾನು ನೋಡುತ್ತ ನಿಂತಿದ್ದೆ, ಕೈಯಲ್ಲಿ ಟಿಪ್ಪಣಿ ಪುಸ್ತಕವಿತ್ತು.

ಗುಲ್ಬರ್ಗಾದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಪೊಲೀಸರು ಬೀರಪ್ಪನನ್ನು ಒಯ್ದರು. ಅವನು ಒಂಬತ್ತು ತಿಂಗಳು ಒಳಗಿದ್ದು ಬಂದ. ಹಸಿರು ಶಾಯಿಯ ಎಂಜಿನಿಯರ್, ತಾನು ಯಾವ ದೀಪಕ್ಕೂ ಅನುಮತಿ ಕೊಟ್ಟಿಲ್ಲ ಎಂದರು. ವಿಚಾರಣೆ ನಡೆಯಿತು. ಡೇವಿಡ್ ನಾಲ್ಕು ಬಾರಿ ಹೇಳಿದ್ದು ಒಂದೇ ಮಾತು: ಲಿಖಿತ ಅನುಮತಿ ಇತ್ತು, ಪೇಪರಿನವರ ಬಳಿ ಕೊಟ್ಟಿದ್ದೇನೆ.

ನನ್ನನ್ನು ಕರೆಸಿದರು. ವಿಚಾರಣಾಧಿಕಾರಿ ನನ್ನ ವರದಿಯ ತುಣುಕನ್ನು ಮುಂದಿಟ್ಟು ಕೇಳಿದರು — ಇಂಥ ಕಾಗದವನ್ನು ನೀವು ನೋಡಿದ್ದೀರಾ?

ನೋಡಿದ್ದೇನೆ ಎಂದರೆ, ನೋಡಿಯೂ ಹೀಗೆ ಬರೆದಿರಾ ಎಂಬುದು ಮುಂದಿನ ಪ್ರಶ್ನೆ. ಅದು ನನಗೆ ಗೊತ್ತಿತ್ತು.

“ಅವರು ಏನೋ ಒಂದು ಅರ್ಜಿ ತೋರಿಸಿದ್ದರು. ಅದರಲ್ಲಿ ಸಹಿ ಇದ್ದ ನೆನಪಿಲ್ಲ,” ಅಂದೆ.

ಸಾಕಾಯಿತು. ಸರ್ಕಾರಿ ಕಟ್ಟಡವನ್ನು ಖಾಸಗಿ ಸಂಕೇತಕ್ಕೆ ಬಳಸಿದ ಆರೋಪ ಸಾಬೀತು ಎಂದು ಬರೆದು ಅವರನ್ನು ಕೆಲಸದಿಂದ ತೆಗೆದರು. ಹನುಕ್ಕಾ ಎಂಬ ಪದ ಆ ವರದಿಯಲ್ಲಿ ಒಂದು ಸಲವೂ ಇಲ್ಲ. ನಾನು ಓದಿದ್ದೇನೆ. ಅವರಿಗೆ ದೊರೆತಿದ್ದ ಅಷ್ಟು ಚಿಕ್ಕ ಮಾನ್ಯತೆ — ಅರ್ಜಿಯ ಅಂಚಿನ ಮೂರು ವಾಕ್ಯ — ನನ್ನ ಚೀಲದಲ್ಲಿ ಇದ್ದುದರಿಂದ ಇಲ್ಲವಾಯಿತು.

ಊರು ಬಿಡುವ ದಿನ ಅವರು ಬಸ್ ನಿಲ್ದಾಣದಲ್ಲಿ ಸಿಕ್ಕರು. ಬಲಗೈಗೆ ಬ್ಯಾಂಡೇಜು. ಸಾರಾಬಾಯಿಯ ಕಂಕುಳಲ್ಲಿ ಹಾಸಿಗೆಯ ಚಾದರದಲ್ಲಿ ಸುತ್ತಿದ ಹಲಗೆಯ ತುಂಡುಗಳು. ಆಕೆ ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ನೋಡುತ್ತಲೇ ಇದ್ದರು.

“ಆ ಕಾಗದ ನಿಮ್ಮ ಹತ್ರ ಅದ ಏನ್ರಿ?” ಡೇವಿಡ್ ಕೇಳಿದರು. “ಬೆಂಗಳೂರಾಗ ಅಪೀಲ್ ಮಾಡಬಹುದಂತ.”

“ಇಲ್ರಿ. ಸುದ್ದಿ ಜೋಡಿ ಗುಲ್ಬರ್ಗಾಕ್ಕ ಹೋಗಿತ್ತು. ಅಲ್ಲೇ ಕಳದದ.”

ಅವರು ಬಸ್ಸಿನ ಕಡೆ ಒಮ್ಮೆ ನೋಡಿದರು. ಆಮೇಲೆ — “ಇರ್ಲಿ ಬಿಡ್ರಿ. ನೀವರ ಏನ್ ಮಾಡ್ತೀರಿ. ಆಫೀಸಿನಾಗ ನಿಮಗೂ ತ್ರಾಸು ಇರ್ತಾವ,” ಅಂದರು. ನನ್ನನ್ನು ಸಮಾಧಾನ ಮಾಡಿದರು. ಎಡಗೈ ಎತ್ತಿ ನಮಸ್ಕಾರದಂಥದ್ದೇನೋ ಮಾಡಿ ಬಸ್ ಹತ್ತಿದರು.

ಕಾಗದವನ್ನು ನಾನು ಹರಿಯಲಿಲ್ಲ, ಸುಡಲಿಲ್ಲ. ಒಳ್ಳೆಯತನದಿಂದಲ್ಲ. ದಾಖಲೆಯನ್ನು ಹಾಳು ಮಾಡಬಾರದು ಎಂಬ ಅಭ್ಯಾಸ, ಅಷ್ಟೇ. ಮನೆ ಬದಲಾದಾಗಲೆಲ್ಲ ಅದೂ ಬಂತು. ಹಸಿರು ಶಾಯಿ ಈಗ ಕಂದುಬಣ್ಣಕ್ಕೆ ತಿರುಗಿದೆ, ಆದರೆ ಓದಬಹುದು.

ಕಳೆದ ವರ್ಷ ಯಾದಗಿರಿಯಿಂದ ಹೋಗಿ ಆ ಗೇಟ್ ಮನೆ ನೋಡಿಬಂದೆ. ಚಾವಣಿ ಇಲ್ಲ. ಮುಂಗೋಡೆಯಲ್ಲಿ ಎರಡು ಮೊಳೆ ಹಾಗೇ ಇವೆ. ಮರಳಿ ಬಂದವನೇ ಡೇವಿಡ್ ಅವರ ವಿಳಾಸ ಹುಡುಕಲು ಕೂತೆ. ಡೇವಿಡ್ ತೀರಿಕೊಂಡು ಬಹಳ ವರ್ಷವಾಗಿದೆ ಎಂದು ತಿಳಿಯಿತು; ಸಾರಾಬಾಯಿ ಕೊಂಕಣದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಮೂಲ ಕಾಗದವನ್ನು, ಅಂದು ತಡೆದ ಎರಡನೆಯ ಹಾಳೆಯನ್ನು ಅವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನನ್ನ ಹೇಳಿಕೆ ಸುಳ್ಳೆಂದು ಪ್ರಮಾಣಪತ್ರ ಬರೆದು ಇಲಾಖೆಗೆ ಕೊಟ್ಟೆ — ಆ ವಿಚಾರಣೆಯ ತೀರ್ಪನ್ನು ತಿದ್ದಬೇಕು, ಸೇವಾ ಪುಸ್ತಕದಲ್ಲಿ ಹಬ್ಬದ ಹೆಸರು ಬರೆಯಬೇಕು. ಎರಡು ಕಡೆಯಿಂದಲೂ ಉತ್ತರವಿಲ್ಲ. ಸಾರಾಬಾಯಿ ಸಹಿ ಮಾಡಿ ತೆಗೆದುಕೊಂಡ ಸ್ವೀಕೃತಿ ಚೀಟಿ ಮಾತ್ರ ಬಂದಿದೆ. ಪತ್ರಿಕೆಗೂ ಹೋಗಿದ್ದೆ. “ಸರ್, ಇಷ್ಟು ಹಳೇ ತಿದ್ದುಪಡಿ ಯಾರು ಓದ್ತಾರ್ರಿ?” ಎಂದು ಈಗಿನ ಸಂಪಾದಕ ಕೇಳಿದ. ಅವನಿಗೆ ಕೆಲಸ ಕಲಿಸಿದವನು ನಾನೇ.

ಒಬ್ಬ ಓದುಗ ಇದ್ದ. ಓದು ಬಾರದವನು.

ಬೀರಪ್ಪ ಈಗ ವಡಗೇರಾದಲ್ಲಿ ಮಗಳ ಮನೆಯಲ್ಲಿದ್ದಾನೆ. ಕಣ್ಣು ಮಂಜು. ಜೆರಾಕ್ಸ್ ಪ್ರತಿ ಹಿಡಿದು ಹೋಗಿ, ಅವನ ಹೊರಸಿನ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಮೂರು ವಾಕ್ಯ ಓದಿದೆ. ಅವನು ತಡೆಯದೆ ಕೇಳಿದ.

“ನಾ ಬಂದಾಗ ಇದು ನಿಮ್ಮ ಹತ್ರ ಇತ್ತೇನ್ರಿ?”

“ಇತ್ತು.”

“ನಿಮ್ಮ ಜಗಲಿ ಮ್ಯಾಲ ಕೂತು ಚಾ ಕುಡದೆ ನಾ.”

“ಹೌದು.”

“ಜೇಲಿನಾಗ ಇದ್ದಾಗ ಅನ್ಕೋತಿದ್ದೆ, ಹೊಡದದ್ದು ತಪ್ಪಾಗ್ಯಾದ, ಆದ್ರ ಅವ ಕಳ್ಳ ಇದ್ದ ಅಂತ. ಅದೊಂದು ಆಸರ ಇತ್ತು ನನಗ.” ಅವನು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. “ಅದನ್ನೂ ಒಯ್ದ್ರಿ.”

ನಾನು ಜೆರಾಕ್ಸ್ ಪ್ರತಿಯನ್ನು ಮಡಿಸತೊಡಗಿದೆ.

“ಇನ್ನೊಮ್ಮಿ ಓದ್ರಿ,” ಅಂದ. ಓದಿದೆ. “ಎಂಟು ದಿನ ಅಂತ ಬರದದ ಏನು?”

“ಎಂಟು ದಿನ.”

ಅವನು ಬೆರಳು ಮಡಿಸುತ್ತ ಹೋದ. ಅಷ್ಟು ವರ್ಷದ ಹಿಂದಿನ ಸಂಜೆಗಳು ಅವನ ಲೆಕ್ಕದಲ್ಲಿ ಇನ್ನೂ ಇದ್ದವು.

“ನಾ ಏಳು ಎಣಿಸಿದ್ದೆ,” ಅಂದ ಬೀರಪ್ಪ. “ಮರುದಿನ ನಾವು ಹೋದ್ವಿ. ಎಂಟನೇದು ಅವ ಹಚ್ಚಲೇ ಇಲ್ಲಲ್ರಿ.”

“ಇಲ್ಲ,” ಅಂದೆ.